ಗೋಡೆಗೆ ಅಂಟಿಸಿದ ಪಟ್ಟಿ

ಮಗು ಹೊರಬಂದ ಮೇಲಿನ ಮೊದಲ ಒಂದು ನಿಮಿಷ ಹೆರಿಗೆ ಕೋಣೆಯಲ್ಲಿ ಬಹಳ ಇಕ್ಕಟ್ಟಿನದು. ಕೋಣೆಯಲ್ಲಿ ಒಬ್ಬರೇ ಸಿಸ್ಟರ್ ಇದ್ದರೆ ಆ ಅರವತ್ತು ಸೆಕೆಂಡುಗಳಲ್ಲಿ ಅವರು ಮಗುವಿನ ಮೈ ಒರೆಸಬೇಕು, ಅತ್ತಿತೋ ಇಲ್ಲವೋ ನೋಡಬೇಕು, ಉಸಿರಾಡದಿದ್ದರೆ ಬ್ಯಾಗು–ಮಾಸ್ಕು ಹಿಡಿಯಬೇಕು, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲವೆಂದು ಖಚಿತ ಮಾಡಿಕೊಂಡು ತಾಯಿಯ ತೊಡೆಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡಬೇಕು. ಗರ್ಭಕೋಶವನ್ನು ಬಿಗಿಗೊಳಿಸಿ ರಕ್ತಸ್ರಾವ ತಡೆಯುವ ಔಷಧ ಅದು. ಹೆರಿಗೆಗೆ ಮೊದಲೇ ಅದನ್ನು ಸಿರಿಂಜಿಗೆ ಎಳೆದು ಟ್ರೇನಲ್ಲಿ ಇಟ್ಟುಕೊಂಡಿದ್ದರೆ ಕೆಲಸ ಸಲೀಸು. ಔಷಧ ಪಕ್ಕದ ಕೋಣೆಯ ಫ್ರಿಜ್ಜಿನಲ್ಲಿದ್ದು, ಆ ಫ್ರಿಜ್ಜಿನ ಬೀಗದ ಕೈ ಇನ್ಯಾರದೋ ಬಳಿ ಇದ್ದರೆ ಆ ನಿಮಿಷ ಹುಡುಕಾಟದಲ್ಲೇ ಕಳೆದುಹೋಗುತ್ತದೆ.

ಇಂಥ ಸಣ್ಣ ಸಣ್ಣ ಕೆಲಸಗಳು ತಪ್ಪಿಹೋಗದಂತೆ ವಿಶ್ವ ಆರೋಗ್ಯ ಸಂಸ್ಥೆ ಸುರಕ್ಷಿತ ಹೆರಿಗೆಗೆಂದು ಒಂದು ಪುಟ್ಟ ಪಟ್ಟಿ ಸಿದ್ಧಪಡಿಸಿತು. ಅದನ್ನು ಮೊದಮೊದಲು ಪರೀಕ್ಷಿಸಿ ನೋಡಿದ್ದು ನಮ್ಮ ಕರ್ನಾಟಕದಲ್ಲೇ, ತಾಲ್ಲೂಕು ಮಟ್ಟದ ಒಂದು ಹೆರಿಗೆ ಕೇಂದ್ರದಲ್ಲಿ, 2010ರ ಜುಲೈಯಿಂದ ಡಿಸೆಂಬರ್ ನಡುವೆ. ವೀಕ್ಷಕರು ಹೆರಿಗೆಗಳ ಪಕ್ಕದಲ್ಲೇ ನಿಂತು ಏನೇನು ನಡೆಯುತ್ತದೆ ಎಂದು ಬರೆದುಕೊಂಡರು. ಮಾಡಲೇಬೇಕಾದ 29 ಕೆಲಸಗಳಲ್ಲಿ ಪಟ್ಟಿ ಬರುವ ಮೊದಲು ಸರಾಸರಿ 10 ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ 25 ನಡೆದವು. ಅದೇ ಕಟ್ಟಡ, ಅದೇ ಸಿಬ್ಬಂದಿ.

ಈ ಫಲಿತಾಂಶ ಹುರುಪು ತಂದಿತು. ಮುಂದೆ ಉತ್ತರ ಪ್ರದೇಶದ 24 ಜಿಲ್ಲೆಗಳ 120 ಸರ್ಕಾರಿ ಕೇಂದ್ರಗಳಲ್ಲಿ ‘ಬೆಟರ್‌ಬರ್ತ್’ ಎಂಬ ದೊಡ್ಡ ಪ್ರಯೋಗ ನಡೆಯಿತು. ಅರುವತ್ತು ಕೇಂದ್ರಗಳಿಗೆ ಪಟ್ಟಿಯ ಜೊತೆಗೆ ತರಬೇತಿ ಪಡೆದ ಮಾರ್ಗದರ್ಶಕರನ್ನೂ ಕಳಿಸಿದರು. ಉಳಿದ ಅರುವತ್ತು ಎಂದಿನಂತೆ ನಡೆದವು. ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರು ಇದರಲ್ಲಿ ಸೇರಿದ್ದರು. 2017ರ ಡಿಸೆಂಬರಿನಲ್ಲಿ ಫಲಿತಾಂಶ ಹೊರಬಿತ್ತು. ಪಟ್ಟಿ ಬಂದಲ್ಲಿ ಒಳ್ಳೆಯ ಅಭ್ಯಾಸಗಳು ನಿಜಕ್ಕೂ ಹೆಚ್ಚಿದ್ದವು. ಆದರೆ ತಾಯಿಯ ಸಾವು, ಶಿಶುವಿನ ಸಾವು, ತಾಯಿಗೆ ಆಗುವ ತೀವ್ರ ತೊಂದರೆ, ಈ ಮೂರನ್ನೂ ಸೇರಿಸಿ ಅಳೆದರೆ ಒಂದು ಕಡೆ ಶೇ 15.1, ಇನ್ನೊಂದು ಕಡೆ ಶೇ 15.3. ವ್ಯತ್ಯಾಸವೇ ಇಲ್ಲ ಎನ್ನಬೇಕು.

ಇಷ್ಟು ಜನ ಇಷ್ಟು ಶ್ರದ್ಧೆಯಿಂದ ದುಡಿದ ಕೆಲಸ ಏಕೆ ಹೀಗಾಯಿತು? ಆಸ್ಪತ್ರೆಗಳ ಕೆಲಸದ ರೀತಿಯನ್ನು ಸುಧಾರಿಸಲು ಹೊರಟ ಪ್ರಯತ್ನಗಳಲ್ಲಿ ಕೆಲವು ಸಾವಿರಾರು ಜೀವ ಉಳಿಸುತ್ತವೆ, ಕೆಲವು ಫೈಲಿನಲ್ಲಿ ಉಳಿಯುತ್ತವೆ. ಈ ಪ್ರಶ್ನೆಗೆ ಅತಿ ಹೆಚ್ಚು ಬೆಳಕು ಚೆಲ್ಲಿದ ಕಥೆ ಅಮೆರಿಕದ ಮಿಷಿಗನ್ ರಾಜ್ಯದ್ದು. ಅಲ್ಲಿಗೆ ಹೋಗಿ, ಕೊನೆಗೆ ನಮ್ಮ ಹೆರಿಗೆ ಕೋಣೆಗೇ ಹಿಂತಿರುಗೋಣ.

ಐಸಿಯುನಲ್ಲಿ ಮಲಗಿದ ರೋಗಿಗೆ ಕೈಯ ಸಣ್ಣ ರಕ್ತನಾಳದಲ್ಲಿ ಹಾಕುವ ಡ್ರಿಪ್ ಹಲವು ಸಲ ಸಾಲದು. ಕತ್ತಿನಲ್ಲೋ ಕೊರಳೆಲುಬಿನ ಕೆಳಗೋ ತೊಡೆಯ ಸಂದಿನಲ್ಲೋ ಸೂಜಿ ಇಳಿಸಿ, ಹೃದಯದ ಸಮೀಪದ ದೊಡ್ಡ ರಕ್ತನಾಳದವರೆಗೆ ಒಂದು ತೆಳು ಕೊಳವೆ ತೂರಿಸುತ್ತಾರೆ. ಆಸ್ಪತ್ರೆಯವರ ಬಾಯಲ್ಲಿ ಅದು ‘ಸೆಂಟ್ರಲ್ ಲೈನ್’. ಔಷಧ ನೇರ ರಕ್ತಕ್ಕೆ ಹೋಗುತ್ತದೆ, ಜೀವ ಉಳಿಯುತ್ತದೆ. ಆದರೆ ಆ ಕೊಳವೆ ಚರ್ಮದ ಮೇಲಿನ ರೋಗಾಣುವಿಗೂ ಹೃದಯದ ಬಾಗಿಲಿಗೂ ನಡುವೆ ಹಾಕಿದ ರಸ್ತೆ. ರೋಗಾಣು ಒಳಹೊಕ್ಕರೆ ರಕ್ತವೆಲ್ಲ ಸೋಂಕು. ಬಹುಕಾಲ ವೈದ್ಯರು ಇದನ್ನು ಐಸಿಯುನಲ್ಲಿ ಆಗುವುದೇ ಹೀಗೆ ಎಂದು ಒಪ್ಪಿಕೊಂಡುಬಿಟ್ಟಿದ್ದರು.

ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಡಾ. ಪೀಟರ್ ಪ್ರೊನೊವೋಸ್ಟ್ ಒಪ್ಪಿಕೊಳ್ಳಲಿಲ್ಲ. 2001ರಲ್ಲಿ ಅವರು ಒಂದು ಹಾಳೆಯ ಮೇಲೆ ಐದು ಸಾಲು ಬರೆದರು. ಸೋಪು ಹಚ್ಚಿ ಕೈ ತೊಳೆಯಿರಿ. ರೋಗಿಯ ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ಎಂಬ ನಂಜುನಿರೋಧಕದಿಂದ ಒರೆಸಿ. ರೋಗಿಯ ಮೈಯೆಲ್ಲ ಶುದ್ಧ ಬಟ್ಟೆಯಿಂದ ಮುಚ್ಚಿ, ನೀವೂ ಟೋಪಿ, ಮಾಸ್ಕು, ಗೌನು, ಕೈಗವಸು ತೊಡಿ. ಸಾಧ್ಯವಾದಷ್ಟೂ ತೊಡೆಸಂದಿಯ ನಾಳ ಬೇಡ. ಲೈನ್ ಬೇಡವಾದ ದಿನವೇ ತೆಗೆದುಬಿಡಿ. ಇದರಲ್ಲಿ ಒಂದೂ ಹೊಸ ವಿಷಯವಿರಲಿಲ್ಲ. ಎಂಬಿಬಿಎಸ್ ವಿದ್ಯಾರ್ಥಿಗೂ ಗೊತ್ತಿದ್ದ ಮಾತುಗಳೇ. ಆದರೂ ಒಂದು ತಿಂಗಳು ಸುಮ್ಮನೆ ಗಮನಿಸಿ ಎಂದು ನರ್ಸ್‌ಗಳಿಗೆ ಹೇಳಿದಾಗ ಕಂಡದ್ದೇನೆಂದರೆ, ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ರೋಗಿಗಳ ವಿಷಯದಲ್ಲಿ ವೈದ್ಯರು ಯಾವುದಾದರೂ ಒಂದು ಹೆಜ್ಜೆ ತಪ್ಪಿಸಿದ್ದರು.

ಅಂಥ ದೊಡ್ಡ ಆಸ್ಪತ್ರೆಯ ವೈದ್ಯರು ಏಕೆ ತಪ್ಪಿಸುತ್ತಿದ್ದರು? ಹಾಪ್ಕಿನ್ಸ್ ತಂಡ ಲೈನ್ ಹಾಕುವವರ ಹಿಂದೆಯೇ ನಡೆದು ನೋಡಿತು. ಬೇಕಾದ ಸಾಮಾನು ಒಂದೆಡೆ ಇರಲಿಲ್ಲ. ಗೌನು ಒಂದು ಕಡೆ, ಬಟ್ಟೆ ಇನ್ನೊಂದು ಕಡೆ, ಔಷಧ ಮತ್ತೊಂದು ಕಡೆ. ರೋಗಿ ಕುಸಿಯುತ್ತಿರುವಾಗ ಏಳೆಂಟು ಕಡೆ ಓಡಾಡಿ ಎಲ್ಲ ಕೂಡಿಸುವ ವೈದ್ಯ ಒಂದೆರಡನ್ನು ಬಿಟ್ಟೇಬಿಡುತ್ತಾನೆ. ಬಿಟ್ಟವನಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಅವರು ಒಂದು ಗಾಲಿಬಂಡಿ ಮಾಡಿಸಿ, ಲೈನಿಗೆ ಬೇಕಾದ ಎಲ್ಲವನ್ನೂ ಅದರಲ್ಲಿ ತುಂಬಿ ಐಸಿಯುನಲ್ಲಿ ನಿಲ್ಲಿಸಿದರು. ಈ ಬಂಡಿಯ ಮಾತು ಪ್ರೊನೊವೋಸ್ಟ್ ಬಗ್ಗೆ ಬರೆಯುವವರು ಹೆಚ್ಚಾಗಿ ಹಾರಿಸಿಬಿಡುತ್ತಾರೆ. ನನಗಂತೂ ಪಟ್ಟಿಯಷ್ಟೇ ದೊಡ್ಡದಾಗಿ ಕಾಣುವುದು ಈ ಬಂಡಿ.

ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿತ್ತು. ವೈದ್ಯರು ಒಂದು ಹೆಜ್ಜೆ ತಪ್ಪಿಸಿದರೆ ನರ್ಸ್ ಅಲ್ಲೇ ತಡೆಯಬಹುದು ಎಂದು ಆಡಳಿತ ಅಧಿಕೃತವಾಗಿ ಹೇಳಿತು. ಬಾಯಿಮಾತಿನಲ್ಲಿ ಇದು ಸರಳ. ವಾರ್ಡಿನಲ್ಲಿ ನಿಂತು ಯೋಚಿಸಿ ನೋಡಿ. ಇಪ್ಪತ್ತು ವರ್ಷ ಅನುಭವದ ಸರ್ಜನ್, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ನರ್ಸ್. ಆಕೆ ಬಾಯಿ ತೆರೆದು ‘ಸರ್, ಕೈ ತೊಳೆದಿಲ್ಲ’ ಎನ್ನಬೇಕು. ಹಾಗೆಂದ ಮೇಲೆ ಸರ್ಜನ್ ಸಿಡುಕಿದರೆ ಆಕೆಯ ಬೆನ್ನಿಗೆ ಯಾರು ನಿಲ್ಲುತ್ತಾರೆ? ರಾತ್ರಿ ಯಾವ ಹೊತ್ತಿಗಾದರೂ ಫೋನ್ ಎತ್ತಿ ಉತ್ತರಿಸುವ ಮೇಲಧಿಕಾರಿ ಇರುವಲ್ಲಿ ಮಾತ್ರ ಈ ಅಧಿಕಾರಕ್ಕೆ ಜೀವ ಬರುತ್ತದೆ.

2003ರ ಸುಮಾರಿಗೆ ಮಿಷಿಗನ್ ಆಸ್ಪತ್ರೆಗಳ ಒಕ್ಕೂಟ ಈ ಕೆಲಸವನ್ನು ಇಡೀ ರಾಜ್ಯಕ್ಕೆ ಹಬ್ಬಿಸಲು ಮುಂದಾಯಿತು. ನೂರಕ್ಕೂ ಹೆಚ್ಚು ಐಸಿಯುಗಳು ಸೇರಿದವು. ಪ್ರತಿ ಐಸಿಯುಗೂ ಆಸ್ಪತ್ರೆಯ ಒಬ್ಬ ಹಿರಿಯ ಆಡಳಿತಾಧಿಕಾರಿಯನ್ನು ಜೋಡಿಸಿದರು. ಅವರು ತಿಂಗಳಿಗೊಮ್ಮೆಯಾದರೂ ವಾರ್ಡಿಗೆ ಬಂದು ಸಿಬ್ಬಂದಿಯ ತೊಡಕು ಕೇಳಬೇಕು. ಹಾಗೆ ಬಂದಾಗ ಗೊತ್ತಾದ ಸಂಗತಿ ಇದು: ಪಟ್ಟಿಯ ಎರಡನೆಯ ಸಾಲಿನಲ್ಲಿದ್ದ ಕ್ಲೋರ್‌ಹೆಕ್ಸಿಡಿನ್ ಮೂರನೇ ಒಂದು ಭಾಗದಷ್ಟು ಐಸಿಯುಗಳಲ್ಲೂ ಇರಲಿಲ್ಲ. ಇಲ್ಲದ ಔಷಧದಿಂದ ಚರ್ಮ ಒರೆಸಿ ಎಂದು ನರ್ಸ್‌ಗೆ ಎಷ್ಟು ಸಲ ಹೇಳಿದರೇನು? ಖರೀದಿಗೆ ಸಹಿ ಹಾಕಬೇಕಾದವರು ವಾರ್ಡಿನಲ್ಲೇ ನಿಂತಿದ್ದರಿಂದ ಕೆಲವೇ ವಾರಗಳಲ್ಲಿ ಔಷಧ ಬಂತು. ಬಟ್ಟೆ, ಔಷಧ ಎಲ್ಲ ಸೇರಿದ ಸಿದ್ಧ ಕಿಟ್ ತಯಾರಿಸುವಂತೆ ಸಾಮಗ್ರಿ ಕಂಪನಿಯನ್ನೂ ಒಪ್ಪಿಸಿದರು.

ಎಣಿಕೆಯೂ ಶುರುವಾಯಿತು. ಸೋಂಕನ್ನು ಲೆಕ್ಕ ಹಾಕುವುದು ‘ಸಾವಿರ ಲೈನ್-ದಿನಕ್ಕೆ ಎಷ್ಟು’ ಎಂಬ ಅಳತೆಯಲ್ಲಿ. ಹತ್ತು ರೋಗಿಗಳಿಗೆ ಹತ್ತು ಹತ್ತು ದಿನ ಲೈನ್ ಇದ್ದರೆ ನೂರು ಲೈನ್-ದಿನ. ಮೊದಲು ಸಾವಿರ ಲೈನ್-ದಿನಕ್ಕೆ ಸರಾಸರಿ 7.7 ಸೋಂಕು ಇದ್ದದ್ದು ಹದಿನೆಂಟು ತಿಂಗಳ ಹೊತ್ತಿಗೆ 1.4ಕ್ಕೆ ಇಳಿಯಿತು. ಮೂರು ತಿಂಗಳೊಳಗೇ ಅರ್ಧಕ್ಕೂ ಹೆಚ್ಚು ಐಸಿಯುಗಳಲ್ಲಿ ಸೋಂಕು ಸೊನ್ನೆ ಮುಟ್ಟಿತ್ತು. 2006ರಲ್ಲಿ ಈ ವರದಿ ಪ್ರಕಟವಾಯಿತು. ಮೂರು ವರ್ಷ ಕಳೆದ ಮೇಲೆ ಮತ್ತೆ ಅಳೆದಾಗಲೂ ಸಂಖ್ಯೆ ಮೇಲೇರಿರಲಿಲ್ಲ, 1.1ರಲ್ಲಿತ್ತು. ಯಾವುದೇ ಸುಧಾರಣೆಗೆ ಮೂರು ವರ್ಷ ಬಾಳುವುದೇ ದೊಡ್ಡ ಪರೀಕ್ಷೆ.

ಜಗತ್ತಿನ ಪತ್ರಿಕೆಗಳು ‘ಐದು ಸಾಲಿನ ಪಟ್ಟಿ ಜೀವ ಉಳಿಸಿತು’ ಎಂದು ಬರೆದವು. ಬಂಡಿ, ಸಹಿ, ನರ್ಸ್‌ನ ಅಧಿಕಾರ, ತಿಂಗಳ ಎಣಿಕೆ ಇವೆಲ್ಲ ಸುದ್ದಿಯಾಗಲಿಲ್ಲ. ಪಟ್ಟಿಯನ್ನು ಒಂದು ಇಮೇಲಿನಲ್ಲಿ ಕಳಿಸಬಹುದು. ಉಳಿದದ್ದನ್ನು ಹಾಗೆ ಕಳಿಸಲಾಗದು.

ಇಂಗ್ಲೆಂಡಿನಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಗೊತ್ತಾಯಿತು. 2009ರಲ್ಲಿ ಅಲ್ಲಿ ‘ಮ್ಯಾಚಿಂಗ್ ಮಿಷಿಗನ್’ ಎಂಬ ಹೆಸರಿನಲ್ಲೇ ಕಾರ್ಯಕ್ರಮ ಆರಂಭವಾಗಿ ಇನ್ನೂರಕ್ಕೂ ಹೆಚ್ಚು ಐಸಿಯುಗಳಿಗೆ ಹಬ್ಬಿತು. ದೊಡ್ಡವರ ಐಸಿಯುಗಳಲ್ಲಿ ಸೋಂಕು 3.7ರಿಂದ 1.48ಕ್ಕೆ ಇಳಿಯಿತು. ಗೆದ್ದಂತೆಯೇ ಅಲ್ಲವೇ? ಆದರೆ ಅದರ ಸಂಶೋಧಕರು ಇನ್ನೊಂದು ಲೆಕ್ಕ ನೋಡಿದರು. ಆಸ್ಪತ್ರೆಗಳು ಗುಂಪು ಗುಂಪಾಗಿ, ಒಂದರ ಹಿಂದೆ ಒಂದು ಕಾರ್ಯಕ್ರಮಕ್ಕೆ ಸೇರಿದ್ದವು. ತಡವಾಗಿ ಸೇರಿದ ಗುಂಪಿನಲ್ಲಿ, ಸೇರುವ ಮೊದಲೇ ಸೋಂಕು ತಾನಾಗಿ ಇಳಿಯುತ್ತ ಬಂದಿತ್ತು. ಹಾಗಾದರೆ ಈ ಇಳಿಕೆಯಲ್ಲಿ ಕಾರ್ಯಕ್ರಮದ ಪಾಲೆಷ್ಟು, ಆಗಲೇ ಬೀಸುತ್ತಿದ್ದ ಗಾಳಿಯ ಪಾಲೆಷ್ಟು ಎಂದು ಬೇರ್ಪಡಿಸಲು ಆಗಲಿಲ್ಲ. ತಮ್ಮ ಕಾರ್ಯಕ್ರಮದ ಬಗ್ಗೆಯೇ ಹೀಗೆ ನೇರವಾಗಿ ಬರೆದ ಆ ಸಂಶೋಧಕರ ಮೇಲೆ ನನಗೆ ಅಪಾರ ಗೌರವ. ‘ನಮ್ಮ ಯೋಜನೆ ಜಾರಿಯಾಯಿತು, ಸಾವು ಇಳಿಯಿತು, ಆದ್ದರಿಂದ ನಮ್ಮ ಯೋಜನೆಯಿಂದಲೇ ಇಳಿಯಿತು’ ಎನ್ನುವ ವರದಿಗಳನ್ನು ನಾವು ದಿನಾ ಓದುತ್ತೇವೆ. ಹೋಲಿಸಿ ನೋಡಲು ಇನ್ನೊಂದು ಗುಂಪು ಇಲ್ಲದ ಇಂಥ ಮಾತನ್ನು ಅರ್ಧ ಮಾತ್ರ ನಂಬಬೇಕು.

ಸಮಾಜಶಾಸ್ತ್ರಜ್ಞೆ ಮೇರಿ ಡಿಕ್ಸನ್-ವುಡ್ಸ್ ಮತ್ತು ಅವರ ತಂಡ ಇಂಗ್ಲೆಂಡಿನ ಐಸಿಯುಗಳಲ್ಲಿ ಗಂಟೆಗಟ್ಟಲೆ ಕುಳಿತು ನೋಡಿತು, ಕೇಳಿತು. ಅಲ್ಲಿನ ಸಿಬ್ಬಂದಿ ಅದಾಗಲೇ ಸರ್ಕಾರದ ಸೋಂಕು ನಿಯಂತ್ರಣದ ಗುರಿಗಳಿಂದ ದಣಿದಿದ್ದರು. ಇದೂ ಮೇಲಿನಿಂದ ಬಂದ ಇನ್ನೊಂದು ಆದೇಶವೆಂದು ಹಲವರು ಬಗೆದರು. ‘ಇದೆಲ್ಲ ನಾವು ಮಾಡುತ್ತಲೇ ಇದ್ದೇವೆ’ ಎಂದವರೂ ಇದ್ದರು. ಸೋಂಕಿನ ಎಣಿಕೆ ಒಂದೊಂದು ಕಡೆ ಒಂದೊಂದು ರೀತಿ. ಜ್ವರ ಬಂದ ಕೂಡಲೇ ರಕ್ತದ ಮಾದರಿಯನ್ನು ಲ್ಯಾಬಿಗೆ ಕಳಿಸುವ ಐಸಿಯುನಲ್ಲಿ ಸೋಂಕು ಹೆಚ್ಚು ಸಿಗುತ್ತದೆ, ಅಪರೂಪಕ್ಕೆ ಕಳಿಸುವಲ್ಲಿ ಕಡಿಮೆ ಸಿಗುತ್ತದೆ. ಹೆಚ್ಚು ಎಚ್ಚರದಿಂದ ಇರುವವರೇ ಅಂಕೆಯಲ್ಲಿ ಕೆಟ್ಟವರಾಗಿ ಕಾಣುತ್ತಾರೆ! ಇದು ಸಿಬ್ಬಂದಿಗೂ ಗೊತ್ತಿತ್ತು. ಹೀಗಾಗಿ ಆ ಅಂಕೆ ಯಾರ ಮನಸ್ಸಿಗೂ ತಟ್ಟಲಿಲ್ಲ. ಮಿಷಿಗನ್‌ನಲ್ಲಿ ಆದದ್ದು ಬೇರೆ. ಅಲ್ಲಿ ಆಸ್ಪತ್ರೆಗಳು ತಾವಾಗಿ ಸೇರಿದ್ದವು, ಕರೆದವರು ಅವರದೇ ವೃತ್ತಿಯವರು, ಅಂಕೆಯನ್ನು ಅವರು ತಮ್ಮದೆಂದು ಒಪ್ಪಿಕೊಂಡಿದ್ದರು. ಪಕ್ಕದ ಊರಿನ ಐಸಿಯು ಸೊನ್ನೆ ಮುಟ್ಟಿತೆಂದರೆ ತಮಗೂ ಮುಟ್ಟಬೇಕೆಂಬ ಹಟ ಹುಟ್ಟುತ್ತಿತ್ತು.

ಒಳ್ಳೆಯ ವಿಚಾರ, ಕಣ್ಣಿಗೆ ಕಾಣುವ ಪುರಾವೆ, ಇವೆರಡೂ ಇದ್ದರೂ ಸುಧಾರಣೆ ಬಿದ್ದುಹೋಗುತ್ತದೆ ಎಂಬುದಕ್ಕೆ ವೈದ್ಯಚರಿತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್‌ಗಿಂತ ನೋವಿನ ಉದಾಹರಣೆ ಸಿಗದು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗಗಳಿದ್ದವು. ವೈದ್ಯ ವಿದ್ಯಾರ್ಥಿಗಳಿದ್ದ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಸೂಲಗಿತ್ತಿಯರಿದ್ದ ವಿಭಾಗಕ್ಕಿಂತ ಎಷ್ಟೋ ಹೆಚ್ಚು. ವಿದ್ಯಾರ್ಥಿಗಳು ಶವ ಕೊಯ್ದ ಕೈಯಲ್ಲೇ ಬಸುರಿಯರನ್ನು ಮುಟ್ಟುತ್ತಿದ್ದಾರೆಂದು ಅರಿತ, ಅಲ್ಲೇ ವೈದ್ಯರಾಗಿದ್ದ ಸೆಮ್ಮೆಲ್‌ವೈಸ್ ಮೇ ತಿಂಗಳಲ್ಲಿ ಬಾಗಿಲ ಬಳಿ ಕ್ಲೋರಿನ್ ಸುಣ್ಣದ ನೀರಿನ ಪಾತ್ರೆ ಇರಿಸಿ ಎಲ್ಲರೂ ಕೈ ತೊಳೆಯಲೇಬೇಕೆಂದರು. ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ಸಾವು ಜೂನಿನಲ್ಲಿ ಶೇ 2ರ ಆಸುಪಾಸಿಗೆ ಇಳಿಯಿತು. ಇಷ್ಟಾದರೂ 1849ರಲ್ಲಿ ಅವರ ನೌಕರಿ ಮುಂದುವರಿಯಲಿಲ್ಲ. ತಮ್ಮ ಕೈಯಿಂದಲೇ ತಾಯಂದಿರು ಸತ್ತರು ಎಂಬ ಮಾತು ವೈದ್ಯರಿಗೆ ಸಹಿಸಲಾಗಲಿಲ್ಲ. ಸೆಮ್ಮೆಲ್‌ವೈಸ್ ಅದನ್ನು ಆರೋಪದಂತೆಯೇ ಹೇಳುತ್ತ ಹೋದರು, ವಿವರವಾದ ಪುಸ್ತಕ ಬರೆದದ್ದು 1861ರಷ್ಟು ತಡವಾಗಿ. 1865ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ, 47ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸುಧಾರಣೆ ಅವರೊಬ್ಬರ ಕಾವಲಿನ ಮೇಲೆ ನಿಂತಿತ್ತು. ಅವರು ಹೋದಾಗ ಅದೂ ಸಡಿಲವಾಯಿತು.

ಇಲ್ಲಿ ನನ್ನದೇ ಒಂದು ನೆನಪು ಹೇಳಬೇಕು. ನನ್ನ ತಾಯಿ ಸೊಂಟದ ಮೂಳೆ ಮುರಿದು ಆಪರೇಶನ್ ಆಗಿ ಮಲಗಿದ್ದರು. ಮಗ್ಗುಲು ಹುಣ್ಣಾಗದಿರಲೆಂದು ಎರಡು ಗಂಟೆಗೊಮ್ಮೆ ಹೊರಳಿಸಬೇಕೆಂಬ ನಿಯಮವಿತ್ತು. ಮಂಚದ ಕಾಲಿಗೆ ಚಾರ್ಟು ತೂಗುತ್ತಿತ್ತು. ರಾತ್ರಿಯೆಲ್ಲ ನಾನು ಎಚ್ಚರವಿದ್ದೆ. ಬೆಳಗಿನ ಆರು ಗಂಟೆಗೆ ಡ್ಯೂಟಿ ಮುಗಿಯುವ ಹೊತ್ತಿನಲ್ಲಿ ಸಿಸ್ಟರ್ ಬಂದು ಹತ್ತು, ಹನ್ನೆರಡು, ಎರಡು, ನಾಲ್ಕು, ಆರು ಎಂದು ಐದೂ ಚೌಕಗಳಿಗೆ ಒಂದೇ ಸಲ ಟಿಕ್ ಹಾಕಿದರು. ಆ ರಾತ್ರಿ ತಾಯಿಯನ್ನು ಒಮ್ಮೆ ಮಾತ್ರ ಹೊರಳಿಸಿದ್ದರು, ಅದೂ ನಾನು ಕೈ ಜೋಡಿಸಿದಾಗ. ಮೊದಲು ಸಿಟ್ಟು ಬಂತು. ಆಮೇಲೆ ವಾರ್ಡಿನ ಮಂಚ ಎಣಿಸಿದೆ, ಇಪ್ಪತ್ತಾರು ಇದ್ದವು. ಸಿಸ್ಟರ್ ಒಬ್ಬರೇ. ಒಬ್ಬ ರೋಗಿಯನ್ನು ಸರಿಯಾಗಿ ಹೊರಳಿಸಲು ಇಬ್ಬರು ಬೇಕು, ಐದು ನಿಮಿಷ ಬೇಕು. ಇಪ್ಪತ್ತಾರು ಜನಕ್ಕೆ ಎರಡು ಗಂಟೆ ಹತ್ತು ನಿಮಿಷ. ಅಂದರೆ ಆಕೆ ಇಡೀ ರಾತ್ರಿ ಬೇರೇನೂ ಮಾಡದೆ ಹೊರಳಿಸುತ್ತಲೇ ಇದ್ದರೂ ಆ ನಿಯಮ ಪಾಲಿಸಲು ಸಾಧ್ಯವಿರಲಿಲ್ಲ. ನಿಯಮ ಬರೆದವರು ಈ ಗುಣಾಕಾರ ಮಾಡಿರಲಿಲ್ಲ. ಆ ಚಾರ್ಟು ಆಕೆಗೆ ಕಲಿಸಿದ್ದು ಸುಳ್ಳು ಟಿಕ್ ಹಾಕುವುದನ್ನು.

ಇದೇ ಗುಟ್ಟು ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲೂ ಹೊರಬಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಆ ಪಟ್ಟಿಯನ್ನು ನವದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಸಾವು ಶೇ 1.5ರಿಂದ 0.8ಕ್ಕೆ ಇಳಿದಿತ್ತು. 2009ರ ಈ ವರದಿ ಓದಿದ ಸರ್ಕಾರಗಳು ಪಟ್ಟಿಯನ್ನು ಕಡ್ಡಾಯ ಮಾಡಿದವು. ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳ ಲೆಕ್ಕ 2014ರಲ್ಲಿ ಬಂತು. ಪಾಲನೆ ಬಹುತೇಕ ನೂರಕ್ಕೆ ನೂರು ಎಂದು ಆಸ್ಪತ್ರೆಗಳೇ ವರದಿ ಮಾಡಿದ್ದವು. ಸಾವು ಮಾತ್ರ 0.71ರಿಂದ 0.65ಕ್ಕೆ, ಅಂದರೆ ಆಕಸ್ಮಿಕವೆಂದು ತಳ್ಳಿಹಾಕಬಹುದಾದಷ್ಟು ಸಣ್ಣ ಇಳಿಕೆ. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಕಡ್ಡಾಯವಿರಲಿಲ್ಲ. ಇಷ್ಟವಿದ್ದ ಆಸ್ಪತ್ರೆಗಳು ಸೇರಿ, ತಂಡ ಕಟ್ಟಿ, ತಮಗೆ ಒಗ್ಗುವಂತೆ ಪಟ್ಟಿ ತಿದ್ದಿಕೊಂಡು, ವರ್ಷಗಟ್ಟಲೆ ಅಭ್ಯಾಸ ಮಾಡಿದವು. ಕಾರ್ಯಕ್ರಮವನ್ನು ಪೂರ್ತಿ ಮುಗಿಸಿದ ಆಸ್ಪತ್ರೆಗಳಲ್ಲಿ ಸಾವು ಶೇ 3.38ರಿಂದ 2.84ಕ್ಕೆ ಇಳಿಯಿತು, ಮುಗಿಸದವುಗಳಲ್ಲಿ ಇಳಿಯಲಿಲ್ಲ. ತಾವಾಗಿ ಬಂದವರು ಮೊದಲೇ ಆಸಕ್ತರು, ಅವರು ಹೇಗೂ ಸುಧಾರಿಸುತ್ತಿದ್ದರು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಆಸಕ್ತಿಯೂ ಔಷಧದ ಒಂದು ಭಾಗವೇ ಎಂಬುದು ನನ್ನ ಅನಿಸಿಕೆ. ಆದೇಶ ಹೊರಡಿಸಿ ಟಿಕ್‌ಗಳನ್ನು ತರಿಸಬಹುದು, ಆಸಕ್ತಿಯನ್ನು ಹಾಗೆ ತರಿಸಲಾಗದು.

ಸುಧಾರಣೆಯೇ ಹೊಸ ಅಪಾಯ ತರುವುದೂ ಉಂಟು. ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆಯ ಮುಖ್ಯಸ್ಥರು 2002ರಲ್ಲಿ ಜಪಾನಿಗೆ ಹೋಗಿ ಕಾರು ಕಾರ್ಖಾನೆಗಳಲ್ಲಿ ಟೊಯೋಟಾ ಪದ್ಧತಿ ಕಲಿತು ಬಂದಿದ್ದರು. ಆ ಕಾರ್ಖಾನೆಯಲ್ಲಿ ತಪ್ಪು ಕಂಡ ಯಾವ ಕೆಲಸಗಾರನೂ ಹಗ್ಗ ಎಳೆದು ಇಡೀ ಸಾಲನ್ನೇ ನಿಲ್ಲಿಸಬಹುದು. ಆಸ್ಪತ್ರೆಯಲ್ಲೂ ಯಾರು ಬೇಕಾದರೂ ಎಚ್ಚರಿಕೆಯ ಕರೆ ಕೊಡಬಹುದೆಂಬ ಏರ್ಪಾಟು ಬಂತು. 2004ರ ನವೆಂಬರಿನಲ್ಲಿ ಮೇರಿ ಮೆಕ್ಲಿಂಟನ್ ಎಂಬ 69 ವರ್ಷದ ಮಹಿಳೆಗೆ ರಕ್ತನಾಳದ ಚಿಕಿತ್ಸೆ ನಡೆಯುತ್ತಿತ್ತು. ಟ್ರೇನಲ್ಲಿ ಮೂರು ಬಟ್ಟಲುಗಳಿದ್ದವು. ಒಂದರಲ್ಲಿ ಎಕ್ಸ್‌ರೇಗೆ ಬೇಕಾದ ದ್ರವ, ಒಂದರಲ್ಲಿ ಸಲೈನ್, ಇನ್ನೊಂದರಲ್ಲಿ ಕ್ಲೋರ್‌ಹೆಕ್ಸಿಡಿನ್. ಮೂರೂ ನೀರಿನಂತೆ ತಿಳಿ, ಯಾವುದಕ್ಕೂ ಹೆಸರಿನ ಚೀಟಿ ಇಲ್ಲ. ಚರ್ಮಕ್ಕೆ ಹಚ್ಚುವ ನಂಜುನಿರೋಧಕ ರಕ್ತನಾಳಕ್ಕೆ ಹೋಯಿತು, ಅವರು ತೀರಿಕೊಂಡರು. ಹಿಂದೆ ಅಲ್ಲಿ ಬಳಸುತ್ತಿದ್ದದ್ದು ಕಂದು ಬಣ್ಣದ ಅಯೋಡಿನ್. ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಸೋಂಕು ಕಡಿಮೆಯಾಗಲೆಂದು ಒಳ್ಳೆಯ ಉದ್ದೇಶದಿಂದಲೇ ಕ್ಲೋರ್‌ಹೆಕ್ಸಿಡಿನ್‌ಗೆ ಬದಲಾಯಿಸಿದ್ದರು. ಬದಲಾಯಿಸುವಾಗ ಬಣ್ಣವೇ ಅಲ್ಲಿ ಮೌನವಾಗಿ ಕಾವಲು ಕಾಯುತ್ತಿತ್ತೆಂದು ಯಾರಿಗೂ ಹೊಳೆಯಲಿಲ್ಲ. ಮಿಷಿಗನ್‌ನಲ್ಲಿ ಜೀವ ಉಳಿಸಿದ ಅದೇ ಔಷಧ ಇಲ್ಲಿ ಜೀವ ತೆಗೆಯಿತು.

ಆ ಆಸ್ಪತ್ರೆ ತಪ್ಪನ್ನು ಬಚ್ಚಿಡಲಿಲ್ಲ. ಬಹಿರಂಗವಾಗಿ ಒಪ್ಪಿಕೊಂಡು ಕ್ಷಮೆ ಕೇಳಿತು, ರೋಗಿಗಳ ಸುರಕ್ಷತೆಯನ್ನು ತನ್ನ ಮೊದಲ ಗುರಿಯೆಂದು ಸಾರಿತು, ಮೆಕ್ಲಿಂಟನ್ ಅವರ ಹೆಸರಿನಲ್ಲೇ ವರ್ಷಕ್ಕೊಮ್ಮೆ ಪ್ರಶಸ್ತಿ ಕೊಡತೊಡಗಿತು. ಸುಧಾರಣೆ ನಿಜವಾಗಿ ಬೇರು ಬಿಟ್ಟಿದೆಯೇ ಎಂದು ತಿಳಿಯಲು ನಾನು ನೋಡುವ ಗುರುತು ಇದು: ತಪ್ಪಾದ ಮರುದಿನ ಆಸ್ಪತ್ರೆ ಏನು ಮಾಡುತ್ತದೆ?

ಈಗ ಉತ್ತರ ಪ್ರದೇಶಕ್ಕೆ ಬರೋಣ. ಅಲ್ಲಿ ಮಾರ್ಗದರ್ಶಕರು ಮೊದಲು ವಾರಕ್ಕೆ ಎರಡು ಸಲ, ಆಮೇಲೆ ಅಂತರ ಹೆಚ್ಚಿಸುತ್ತ ಎಂಟು ತಿಂಗಳು ಕೇಂದ್ರಗಳಿಗೆ ಹೋದರು. ಬೈಯಲು ಹೋದವರಲ್ಲ, ಪಕ್ಕದಲ್ಲಿ ನಿಂತು ಹೇಳಿಕೊಡಲು ಹೋದವರು. ಎರಡು ತಿಂಗಳಾದಾಗ ನೋಡಿದರೆ, ಅಳತೆಗೆ ಆರಿಸಿಕೊಂಡ 18 ಅಭ್ಯಾಸಗಳಲ್ಲಿ ಶೇ 72.8ರಷ್ಟು ನಡೆಯುತ್ತಿದ್ದವು. ಪಟ್ಟಿ ಇಲ್ಲದ ಕೇಂದ್ರಗಳಲ್ಲಿ ಶೇ 41.7 ಮಾತ್ರ. ಇದು ಚಿಕ್ಕ ಸಾಧನೆಯೇನಲ್ಲ. ಆದರೆ ಹನ್ನೆರಡನೆಯ ತಿಂಗಳಲ್ಲಿ, ಮಾರ್ಗದರ್ಶಕರ ಭೇಟಿ ನಿಂತ ಮೇಲೆ, ಅದು ಶೇ 61.7ಕ್ಕೆ ಇಳಿದಿತ್ತು. ಬಂದು ಕೇಳುವವರು ಇಲ್ಲವಾದಾಗ ಹಳೆಯ ರೂಢಿ ಮೆಲ್ಲಗೆ ಹಿಂದಿರುಗಿತು.

ಸಾವು ಇಳಿಯದ್ದಕ್ಕೆ ಕಾರಣ ಇನ್ನೂ ಆಳದಲ್ಲಿದೆ. ಆ ಪ್ರಯೋಗ ಔಷಧ ಕೊಡಲಿಲ್ಲ, ಉಪಕರಣ ಕೊಡಲಿಲ್ಲ, ಸಿಬ್ಬಂದಿ ಕೊಡಲಿಲ್ಲ. ಇದ್ದುದರಲ್ಲೇ ಎಷ್ಟು ಸಾಧ್ಯ ಎಂದು ನೋಡುವುದೇ ಅದರ ಉದ್ದೇಶವಾಗಿತ್ತು. ಉಸಿರಾಡದ ಮಗುವಿಗೆ ಬ್ಯಾಗು–ಮಾಸ್ಕು ಸಿದ್ಧವಿಡಿ ಎಂದು ಪಟ್ಟಿ ನೆನಪಿಸಬಲ್ಲದು. ಅದನ್ನು ಮಗುವಿನ ಪುಟ್ಟ ಮುಖಕ್ಕೆ ಗಾಳಿ ಸೋರದಂತೆ ಹಿಡಿದು ಒತ್ತುವುದು ಕೈಗೆ ಬರಬೇಕಾದ ವಿದ್ಯೆ. ತಾಯಿಗೆ ಅಪಾಯವಾದರೆ ದೊಡ್ಡಾಸ್ಪತ್ರೆಗೆ ರೆಫರ್ ಮಾಡಿ ಎಂದು ಪಟ್ಟಿ ಹೇಳಬಲ್ಲದು. ಆಂಬುಲೆನ್ಸ್ ಬರಬೇಕು, ಆ ದೊಡ್ಡಾಸ್ಪತ್ರೆಯಲ್ಲಿ ರಕ್ತ ಇರಬೇಕು, ಸಿಸೇರಿಯನ್ ಮಾಡುವ ವೈದ್ಯರು ಆ ರಾತ್ರಿ ಇರಬೇಕು. ಪಟ್ಟಿ ನೆನಪಿಸಿದ ಮೇಲಿನ ಈ ಹಂತ ಪಟ್ಟಿಯ ಕೈಯಲ್ಲಿಲ್ಲ. ಮಿಷಿಗನ್‌ನಲ್ಲಿ ಕೌಶಲವೂ ಹಣವೂ ಜನರೂ ಆಗಲೇ ಇದ್ದರು, ಅವುಗಳನ್ನು ಒಂದು ಕ್ರಮಕ್ಕೆ ತರುವುದಷ್ಟೇ ಉಳಿದಿತ್ತು. ಇಲ್ಲಿ ಕ್ರಮಕ್ಕೆ ತರಬೇಕಾದ ವಸ್ತುಗಳೇ ಕೊರತೆಯಲ್ಲಿದ್ದವು.

ಕರ್ನಾಟಕದ ಆ ಕೇಂದ್ರದಲ್ಲಿ 10 ಇದ್ದದ್ದು 25 ಆದದ್ದು ಸುಳ್ಳಲ್ಲ. ಆದರೆ ಅದು ಒಂದೇ ಕೇಂದ್ರ, ಕೆಲವೇ ತಿಂಗಳ ಅವಧಿ, ಹೋಲಿಸಲು ಇನ್ನೊಂದು ಕೇಂದ್ರವಿಲ್ಲ, ಪಕ್ಕದಲ್ಲೇ ಬರೆದುಕೊಳ್ಳುವ ವೀಕ್ಷಕರು ಬೇರೆ. ಅಲ್ಲಿ ಅಳೆದದ್ದು ಕೆಲಸಗಳನ್ನು. ಉತ್ತರ ಪ್ರದೇಶದಲ್ಲಿ ಅಳೆದದ್ದು ಜೀವಗಳನ್ನೂ ಸೇರಿಸಿ. ಎರಡೂ ಅಧ್ಯಯನಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಮಾತ್ರ ಪಟ್ಟಿಯ ಶಕ್ತಿ, ಮಿತಿ ಎರಡೂ ಕಾಣುತ್ತವೆ.

ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆಗೆಂದು 2015ರಿಂದ ‘ಕಾಯಕಲ್ಪ’ ಯೋಜನೆ ನಡೆದಿದೆ, ಹೆರಿಗೆ ಕೋಣೆಗಳ ಗುಣಮಟ್ಟಕ್ಕೆಂದೇ 2017ರ ಕೊನೆಯಲ್ಲಿ ‘ಲಕ್ಷ್ಯ’ ಯೋಜನೆ ಬಂದಿದೆ. ಇವುಗಳಿಂದ ಆಸ್ಪತ್ರೆಗಳ ಗೋಡೆ, ನೆಲ, ಶೌಚಾಲಯ ಎಷ್ಟೋ ಸುಧಾರಿಸಿವೆ, ಹೆರಿಗೆ ಟ್ರೇಗಳು ಸಾಲಾಗಿ ಜೋಡಣೆಯಾಗಿವೆ. ಇದನ್ನು ಸಾಧಿಸಿದ ಸಿಬ್ಬಂದಿಯನ್ನು ಮನಸಾರೆ ಮೆಚ್ಚುತ್ತೇನೆ. ಅಂಕ ಕೊಡಲು ಬರುವ ಅಧಿಕಾರಿಗಳಲ್ಲಿ ನನ್ನದೊಂದು ಬೇಡಿಕೆ. ರಿಜಿಸ್ಟರುಗಳನ್ನು ಮಗುಚುವುದಕ್ಕೆ ಮೊದಲು, ಹಿಂದಿನ ರಾತ್ರಿ ಡ್ಯೂಟಿ ಮಾಡಿದ ಸಿಸ್ಟರನ್ನು ಕೂರಿಸಿಕೊಂಡು ಮಾತಾಡಿಸಿ. ಎಷ್ಟು ಹೆರಿಗೆಗೆ ಎಷ್ಟು ಜನ ಇದ್ದಿರಿ ಎಂದು ಕೇಳಿ. ಯಾವ ಇಂಡೆಂಟ್ ಎಷ್ಟು ದಿನದಿಂದ ಸ್ಟೋರಿನಲ್ಲಿ ಕುಳಿತಿದೆ ಎಂದು ಕೇಳಿ. ಕೊನೆಯ ಸಲ ವೈದ್ಯರನ್ನು ತಡೆದದ್ದು ಯಾವಾಗ, ಆಮೇಲೆ ನಿಮಗೇನಾಯಿತು ಎಂದು ಕೇಳಿ. ಆಕ್ಸಿಟೋಸಿನ್ ಕೆಡದಿರಬೇಕಾದರೆ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ರಾತ್ರಿ ಎರಡು ಗಂಟೆಗೆ ಆ ಫ್ರಿಜ್ಜಿನ ಬೀಗದ ಕೈ ಯಾರ ಬಳಿ ಇರುತ್ತದೆ ಎಂದೂ ದಯವಿಟ್ಟು ಕೇಳಿ.